ವಿಷಪರೀಕ್ಷೆಯ ಚರಿತ್ರೆ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರುಗಳನ್ನು ಕ್ರಮಿಸಿದರೆ ಅತ್ತಿಬೆಲೆ ಸಿಕ್ಕುವುದು. ಅದು ಆನೇಕಲ್ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಅಲ್ಲಿಗೆ ಕನ್ನಡನಾಡಿನ ಎಲ್ಲೆ ಮುಗಿದು ತಮಿಳುನಾಡಿನ ಎಲ್ಲೆ ಮೊದಲಾಗುತ್ತದೆ. ಕಾರ್ಖಾನೆಗಳ ಸಾಲು, ಅವುಗಳ ನಡುನಡುವೆ ಉಳಿದುಕೊಂಡಿರುವ ಹೊಲಗಳು, ಹಗಲಿರುಳೂ ಎಡೆಬಿಡದೆ ಸಾಗುವ ಲಾರಿಗಳು: ಇದು ಆ ಗಡಿಯ ಇಂದಿನ ನೋಟ. ಈ ಗಡಿಯ ಎರಡು ಕಡೆಗಳಲ್ಲಿಯೂ, ಎಂದರೆ ಇತ್ತ ಆನೇಕಲ್, ಹೊಸಕೋಟೆ, ಕೋಲಾರದ ಪ್ರಾಂತಗಳಲ್ಲಿಯೂ ಬೆಂಗಳೂರಿನ ಬಡವರ ಕೇರಿಗಳಲ್ಲಿಯೂ, ಅತ್ತ ಕೃಷ್ಣಗಿರಿ ಜಿಲ್ಲೆಯಲ್ಲಿಯೂ, ೨೦೦೮ನೆಯ ಇಸವಿಯ ಮೇ ತಿಂಗಳಿನಲ್ಲಿ ಕೆಲವೇ ದಿನಗಳೊಳಗಾಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಅವರಲ್ಲಿ ಬಹುಮಂದಿ ಕೂಲಿಯಿಂದ ಜೀವಿಸುವವರು. ಅದಕ್ಕೆ ಹಿಂದಿನ ವರ್ಷದ ಜುಲೈ ಒಂದನೆಯ ತಾರೀಖಿನಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಿದ್ದಿತು. ಅಂಗಡಿಯ ಸಾರಾಯಿ ನಿಂತರೂ ಕುಡಿಯುವ ಚಟ ನಿಲ್ಲಲಿಲ್ಲ. ಕಳ್ಳಭಟ್ಟಿಯವರು ಆ ಎಡೆಯನ್ನು ತುಂಬಿದರು.

ಸತ್ತವರ ಮನೆಯವರನ್ನು ಕೇಳಿದರೆ ಸಾವಿಗೆ ಕಾರಣವನ್ನು ಹೇಳುವುದಕ್ಕೆ ಅವರಿಗೆ ಯಾವ ಪಂಡಿತನ ನೆರವೂ ಬೇಕಾಗಿರಲಿಲ್ಲ. ಕುಡಿದದ್ದನ್ನು ಕಂಡಿದ್ದರು, ಸತ್ತದ್ದನ್ನು ಕಂಡಿದ್ದರು. ಆದರೆ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದವರನ್ನು ಉಳಿಸಬೇಕಾದ ವೈದ್ಯನಿಗೆ ಅಷ್ಟು ತಿಳಿದರೆ ಸಾಲದು. ಅದು ಯಾವ ವಿಷವೆಂಬುದು ಅವನಿಗೆ ಬೇಕು. ನ್ಯಾಯಪೀಠದಲ್ಲಿ ಕುಳಿತವನಿಗೂ ಅಷ್ಟು ಸಾಲದು. ಆ ವಿಷವೇ ಈ ದೇಹದಲ್ಲಿದ್ದಿತೇ, ಕೊಲ್ಲುವಷ್ಟು ಇದ್ದಿತೇ, ಎಲ್ಲಿಂದ ಬಂದಿತು ಎಂಬುದು ಅವನಿಗೆ ಬೇಕು. ಸಂಶಯದಿಂದ ಹೊರಟು ನಿಶ್ಚಯವನ್ನು ಮುಟ್ಟುವ ಈ ದಾರಿಯನ್ನು ಮನುಷ್ಯನು ಹೇಗೆ ಕಡಿದನು, ಅದರಲ್ಲಿ ಎಲ್ಲಿಯವರೆಗೆ ಬಂದಿದ್ದಾನೆ ಎಂಬುದನ್ನು ಈ ಹೊತ್ತು ಶ್ರೋತೃಗಳ ಮುಂದೆ ಸಂಗ್ರಹವಾಗಿ ಇಡಬೇಕೆಂದು ನಮ್ಮ ಉದ್ದೇಶ.

ವಿಷದ ವಿಚಾರದಲ್ಲಿ ನಮ್ಮ ಹಿಂದಿನವರು ಅಜ್ಞರಾಗಿರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರವೆಂಬುದು ಒಂದು. ವಿಷಗಳ ಲಕ್ಷಣವೂ ಚಿಕಿತ್ಸೆಯೂ ಅದರ ವಿಷಯ. ಕನ್ನಡದಲ್ಲಿಯೇ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನೆಂಬ ಜೈನಕವಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಪದ್ಯರೂಪವಾಗಿ ರಚಿಸಿದನು. ಗಿಡಮೂಲಿಕೆ ಖನಿಜಗಳಿಂದ ಬರುವ ಸ್ಥಾವರ ವಿಷ, ಹಾವು ಚೇಳು ಮೊದಲಾದುವುಗಳಿಂದ ಬರುವ ಜಂಗಮ ವಿಷ, ಇವೆರಡನ್ನೂ ಅವನು ವಿವರಿಸಿದ್ದಾನೆ. ಆದರೆ ಇವೆಲ್ಲವೂ ಬದುಕಿರುವವನನ್ನು ಉಳಿಸಲು ಹೊರಟ ಶಾಸ್ತ್ರಗಳು. ಸತ್ತವನು ವಿಷದಿಂದಲೇ ಸತ್ತನೇ ಎಂದು ಕೇಳುವ ಶಾಸ್ತ್ರ ಬೇರೆ.

ಆ ಪ್ರಶ್ನೆಯನ್ನು ಕೇಳಿದ ಅತಿ ಪ್ರಾಚೀನ ಗ್ರಂಥಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಮತ್ತೆ ಬೆಳಕನ್ನು ಕಂಡಿತೆಂಬುದು ನಮಗೆ ಸಂತೋಷದ ಸಂಗತಿ. ೧೯೦೫ರಲ್ಲಿ ಪ್ರಾಚ್ಯ ಗ್ರಂಥಾಲಯದ ಪಂಡಿತರಾದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಪ್ರಾಂತದಿಂದ ಬಂದ ಓಲೆಗರಿಗಳ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅದನ್ನು ಅಚ್ಚುಮಾಡಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಶವ ಕೆಡದಂತೆ ಎಣ್ಣೆ ಸವರಿ ನೋಡಬೇಕೆಂದೂ, ಕೈಕಾಲು ಹಲ್ಲು ಉಗುರುಗಳು ಕಪ್ಪಾಗಿ ಬಾಯಲ್ಲಿ ನೊರೆಯಿದ್ದರೆ ವಿಷವನ್ನು ಶಂಕಿಸಬೇಕೆಂದೂ, ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದ ಅನ್ನವನ್ನು ತೆಗೆದು ಪರೀಕ್ಷಿಸಬೇಕೆಂದೂ, ಅದನ್ನು ಬೆಂಕಿಗೆ ಹಾಕಿದಾಗ ಚಿಟಿಚಿಟಿ ಶಬ್ದವಾಗಿ ಕಾಮನಬಿಲ್ಲಿನ ಬಣ್ಣ ತೋರಿದರೆ ವಿಷವೆಂದು ತಿಳಿಯಬೇಕೆಂದೂ ಅಲ್ಲಿ ವಿಧಿಸಿದೆ. ಸತ್ತವನಿಗೆ ಯಾರೊಡನೆ ವೈರವಿದ್ದಿತು, ಅವನು ಕೊನೆಗೆ ಯಾರೊಡನೆ ಇದ್ದನು ಎಂದು ವಿಚಾರಿಸುವ ಕ್ರಮವೂ ಅಲ್ಲಿಯೇ ಇದೆ. ಬಣ್ಣದಿಂದ ವಿಷವನ್ನು ಗುರುತಿಸಬೇಕೆಂಬ ಅವನ ಯೋಚನೆ ಸರಿಯಾದುದೇ. ಆದರೆ ಬೆಂಕಿಯ ಬಣ್ಣಕ್ಕೆ ವಿಷವಲ್ಲದ ಪದಾರ್ಥಗಳೂ ಕಾರಣವಾಗಬಹುದು. ಅನ್ನದಲ್ಲಿರುವ ಉಪ್ಪೇ ಬೆಂಕಿಯನ್ನು ಹಳದಿಯಾಗಿಸುವುದನ್ನು ಒಲೆಯ ಮುಂದೆ ಕುಳಿತ ಯಾರಾದರೂ ಕಂಡಿರಬಹುದು.

ಇನ್ನೊಂದು ಕಡೆ ನ್ಯಾಯಾಸ್ಥಾನದಲ್ಲಿ ವಿಷಕ್ಕೆ ವಿಚಿತ್ರವಾದ ಸ್ಥಾನವಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನಷ್ಟೆ. ಅದಕ್ಕೆ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಕ್ಕಡಿ, ಬೆಂಕಿ, ನೀರುಗಳ ದಿವ್ಯಗಳೊಂದಿಗೆ ವಿಷದ ದಿವ್ಯವೂ ಇದೆ. ಆರೋಪಕ್ಕೆ ಒಳಗಾದವನು ವಿಷವನ್ನು ನುಂಗಬೇಕು. ವಿಕಾರವಿಲ್ಲದೆ ಜೀರ್ಣಿಸಿಕೊಂಡರೆ ಅವನು ಶುದ್ಧನು. ಆಗ ವಿಷವೇ ಮನುಷ್ಯನನ್ನು ಪರೀಕ್ಷಿಸುತ್ತಿದ್ದಿತು. ಮನುಷ್ಯನು ವಿಷವನ್ನು ಪರೀಕ್ಷಿಸಿ, ಆ ಪರೀಕ್ಷೆಯನ್ನು ನ್ಯಾಯಾಧೀಶನು ಒಪ್ಪುವ ಕಾಲ ಬರುವುದಕ್ಕೆ ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಆ ಕಾಲದ ಮುಖ್ಯ ವಿಷ ಪಾಷಾಣ. ಬಿಳಿಯ ಪುಡಿ; ರುಚಿಯಿಲ್ಲ, ವಾಸನೆಯಿಲ್ಲ; ಅದನ್ನು ತಿಂದವನಿಗೆ ಆಗುವ ವಾಂತಿಭೇದಿಗಳನ್ನು ನೋಡಿದವರು ಕಾಲರಾ ಎಂದೇ ಭಾವಿಸುವರು. ೧೮೩೩ರಲ್ಲಿ ಇಂಗ್ಲೆಂಡಿನಲ್ಲಿ ಕಾಫಿಯಲ್ಲಿ ಪಾಷಾಣವಿಟ್ಟು ತಾತನನ್ನು ಕೊಂದನೆಂಬ ಆಪಾದನೆಗೆ ಮೊಮ್ಮಗನೊಬ್ಬನು ಗುರಿಯಾದನು. ವುಲಿಚ್ ಆಯುಧಶಾಲೆಯ ರಸಾಯನಜ್ಞ ಜೇಮ್ಸ್ ಮಾರ್ಷ್ ಆ ಕಾಲದ ಕ್ರಮದಂತೆ ಪರೀಕ್ಷೆ ಮಾಡಿ ಪಾಷಾಣದ ಹಳದಿಯ ಗಷ್ಟನ್ನು ಕಂಡನು. ಆದರೆ ವಿಚಾರಣೆಯ ವೇಳೆಗೆ ಆ ಗಷ್ಟು ಕೆಟ್ಟುಹೋಗಿತ್ತು. ಪಂಚಾಯತರಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಆರೋಪಿ ಬಿಡುಗಡೆಯಾದನು, ತಾನೇ ತಪ್ಪಿತಸ್ಥನೆಂದು ಮುಂದೆ ಅವನೇ ಒಪ್ಪಿಕೊಂಡನು. ತಾನು ಕಂಡದ್ದನ್ನು ಇತರರ ಕಣ್ಣಿಗೆ ಕಾಣಿಸಲಾರದೆ ಹೋದೆನೆಂಬ ಕೊರಗು ಮಾರ್ಷನನ್ನು ಬಿಡಲಿಲ್ಲ. ೧೮೩೬ರಲ್ಲಿ ಅವನು ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದನು. ಶಂಕಿತ ಪದಾರ್ಥವನ್ನು ಸತುವಿನೊಡನೆಯೂ ಆಮ್ಲದೊಡನೆಯೂ ಸೇರಿಸಿದರೆ, ಅದರಲ್ಲಿರುವ ಪಾಷಾಣವು ಜಲಜನಕದೊಡನೆ ಕೂಡಿ ಅನಿಲವಾಗಿ ಹೊರಡುವುದು. ಆ ಅನಿಲವನ್ನು ಕಾಯಿಸಿದರೆ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪ ಕೂಡುವುದು. ಅದನ್ನು ನ್ಯಾಯಾಸ್ಥಾನಕ್ಕೆ ತಂದು ತೋರಿಸಬಹುದು.

ಆದರೆ ಸೂಕ್ಷ್ಮವಾದ ಪರೀಕ್ಷೆಯೊಡನೆ ಹೊಸ ಅಪಾಯವೂ ಬಂದಿತು. ಸಾಸಿವೆಯಷ್ಟು ಪಾಷಾಣವೂ ಕಾಣುವಂತಾದಾಗ, ಅದು ಸತ್ತವನ ದೇಹದಿಂದಲೇ ಬಂದಿತೇ, ಪರೀಕ್ಷೆಗೆ ಬಳಸಿದ ಸತುವಿನಿಂದ ಬಂದಿತೇ, ಹೂಳಿದ ಮಣ್ಣಿನಿಂದ ಬಂದಿತೇ ಎಂಬ ಪ್ರಶ್ನೆ ಏಳುವುದು ಸಹಜ. ೧೮೪೦ರಲ್ಲಿ ಫ್ರಾನ್ಸಿನಲ್ಲಿ ಗಂಡನಿಗೆ ಪಾಷಾಣವಿಟ್ಟಳೆಂಬ ಆಪಾದನೆ ಹೊತ್ತ ಹೆಂಗಸೊಬ್ಬಳ ವಿಚಾರಣೆಯಲ್ಲಿ ಆ ಊರಿನ ಪರೀಕ್ಷಕರ ಮಾತುಗಳು ಒಂದಕ್ಕೊಂದು ಹೊಂದಲಿಲ್ಲ. ಪ್ಯಾರಿಸಿನಿಂದ ಕರೆಸಲ್ಪಟ್ಟ ಓರ್ಫಿಲಾ ಎಂಬ ಆಚಾರ್ಯನು ದೇಹಭಾಗಗಳನ್ನಲ್ಲದೆ ತಾನು ಬಳಸುವ ದ್ರವ್ಯಗಳನ್ನೂ ಸ್ಮಶಾನದ ಮಣ್ಣನ್ನೂ ಪರೀಕ್ಷಿಸಿ, ಅವುಗಳಿಂದ ಪಾಷಾಣ ಬಂದಿಲ್ಲವೆಂದು ಹೇಳಿದ ಮೇಲೆಯೇ ದೇಹದಲ್ಲಿ ಅದಿದೆಯೆಂದು ಹೇಳಿದನು. ೧೮೧೪ರಿಂದ ಪ್ರಕಟವಾದ ತನ್ನ ಮಹಾಗ್ರಂಥದಿಂದ ವಿಷವಿಜ್ಞಾನಕ್ಕೆ ತಳಹದಿ ಹಾಕಿದವನು ಈತನೇ. ‘ಇದೆ’ ಎನ್ನುವ ಮೊದಲು ‘ಬೇರೆಲ್ಲಿಂದಲೂ ಬಂದಿಲ್ಲ’ ಎಂದು ತೋರಿಸಬೇಕೆಂಬ ನಿಯಮ ಇಂದಿಗೂ ಈ ಶಾಸ್ತ್ರದ ಪ್ರಾಣವಾಗಿದೆ.

ಲೋಹವಿಷವು ದೇಹ ಕೊಳೆತರೂ ಉಳಿಯುತ್ತದೆ. ಗಿಡಗಳ ವಿಷವನ್ನು ದೇಹದ ಮಾಂಸ ಕೊಬ್ಬುಗಳಿಂದ ಬೇರ್ಪಡಿಸುವುದು ಆಗ ಅಸಾಧ್ಯವೆಂದೇ ತೋರಿದ್ದಿತು. ಬೆಲ್ಜಿಯಮ್ ದೇಶದಲ್ಲಿ ಹೊಗೆಸೊಪ್ಪಿನ ಸಾರವಾದ ನಿಕೊಟೀನಿನಿಂದ ಕೊಲೆಯೊಂದು ನಡೆದಾಗ, ಸ್ಟಾಸ್ ಎಂಬ ರಸಾಯನಜ್ಞನು ೧೮೫೦ರಲ್ಲಿ ಆ ಕೆಲಸವನ್ನು ಸಾಧಿಸಿದನು. ಆಮ್ಲ ಬೆರಸಿದ ಆಲ್ಕೊಹಾಲಿನಿಂದ ವಿಷವನ್ನು ಸೆಳೆದು, ಬಳಿಕ ಕ್ಷಾರ ಸೇರಿಸಿ ಈಥರಿನೊಳಕ್ಕೆ ಇಳಿಸಿಕೊಳ್ಳುವ ಕ್ರಮ ಅದು. ಉಮ್ಮತ್ತಿ, ಕಾಸರಕ, ಅಫೀಮುಗಳಂಥ ವಿಷಗಳೆಲ್ಲಕ್ಕೂ ಅದರಿಂದ ಬಾಗಿಲು ತೆರೆಯಿತು. ದಾರಿಹೋಕರಿಗೆ ಉಮ್ಮತ್ತಿಯ ಬೀಜ ತಿನ್ನಿಸಿ ದೋಚುವುದು ಸಾಮಾನ್ಯವಾಗಿದ್ದ ನಮ್ಮ ದೇಶದಲ್ಲಿ ಇದರ ಅಗತ್ಯ ಬಹಳವಾಗಿದ್ದಿತು. ಸರ್ಕಾರದ ರಸಾಯನ ಪರೀಕ್ಷಕರ ಮೊದಲನೆಯ ಪ್ರಯೋಗಶಾಲೆ ೧೮೪೯ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಕಲ್ಕತ್ತ, ಆಗ್ರಾ, ಮುಂಬಯಿಗಳು ಅದನ್ನು ಅನುಸರಿಸಿದುವು.

ಇನ್ನು ಇಂದಿನ ಕ್ರಮವನ್ನು, ಮೊದಲು ಹೇಳಿದ ಕಳ್ಳಭಟ್ಟಿಯ ಪ್ರಕರಣವನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ. ಅದರಲ್ಲಿದ್ದ ವಿಷ ಮೀಥೈಲ್ ಆಲ್ಕೊಹಾಲ್. ಕಾರ್ಖಾನೆಗಳಲ್ಲಿ ಬಣ್ಣ, ಅರಗು, ರಾಸಾಯನಿಕಗಳ ತಯಾರಿಕೆಗೆ ಬೇಕಾದ ಈ ದ್ರವವೂ, ಮದ್ಯದಲ್ಲಿರುವ ಎಥೈಲ್ ಆಲ್ಕೊಹಾಲೂ ಅಣ್ಣತಮ್ಮಂದಿರಂತೆ. ಎರಡೂ ನೀರಿನಂತೆ ತಿಳಿ, ಎರಡೂ ಅಮಲನ್ನುಂಟುಮಾಡುವುವು. ನಾವು ಪ್ರತಿವರ್ಷವೂ ನಮ್ಮ ವಿದ್ಯಾರ್ಥಿಗಳ ಮುಂದೆ ಹೆಸರಿಲ್ಲದ ಎರಡು ಶೀಷೆಗಳಲ್ಲಿ ಇವನ್ನು ಇಟ್ಟು, ಮುಟ್ಟದೆ ಗುರುತಿಸಿರೆಂದು ಹೇಳುವುದುಂಟು. ಧೈರ್ಯವಾಗಿ ಉತ್ತರ ಹೇಳುವವರಿಗೆ ಕೊರತೆಯಿಲ್ಲ; ತಪ್ಪು ಹೇಳುವವರಿಗೂ ಕೊರತೆಯಿಲ್ಲ. ಓದಿದವರ ಪಾಡು ಹೀಗಿರುವಾಗ, ಕತ್ತಲಲ್ಲಿ ಪೊಟ್ಟಣ ಹರಿದು ಕುಡಿಯುವ ಕೂಲಿಯವನು ಏನನ್ನು ತಾನೇ ಗುರುತಿಸಿಯಾನು!

ಈ ವಿಷದ ಕ್ರೌರ್ಯವಿರುವುದು ಅದರ ಸಾವಧಾನದಲ್ಲಿ. ಕುಡಿದ ಕೂಡಲೆ ಅಮಲಲ್ಲದೆ ಮತ್ತೇನೂ ತೋರುವುದಿಲ್ಲ. ಪಿತ್ತಜನಕಾಂಗದ ಕಿಣ್ವವೊಂದು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಬಳಿಕ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಲು ದಾರಿಮಾಡುತ್ತದೆ. ಕೊಲ್ಲುವುದು ಆ ಆಮ್ಲ. ಅದು ಕೂಡಿಕೊಳ್ಳುವುದಕ್ಕೆ ಹನ್ನೆರಡು ಗಂಟೆಯೋ ಒಂದು ದಿನವೋ ಹಿಡಿಯುವುದು. ರಕ್ತ ಆಮ್ಲಮಯವಾಗಿ, ಕಣ್ಣಿನ ನರ ಬೆಂದು, ದೃಷ್ಟಿಗೆ ಮಂಜು ಕವಿದ ಮೇಲೆ ಮನೆಯವರಿಗೆ ಗಾಬರಿಯಾಗುವುದು. ಇದಕ್ಕೆ ಮದ್ದು ಯಾವುದೆಂದರೆ ಕೇಳುವವರಿಗೆ ಸೋಜಿಗವಾದೀತು: ಅದರ ಅಣ್ಣನಾದ ಎಥೈಲ್ ಆಲ್ಕೊಹಾಲೇ. ಆ ಕಿಣ್ವಕ್ಕೆ ಎಥೈಲಿನ ಮೇಲೆಯೇ ಒಲವು ಹೆಚ್ಚು. ಅದು ದೊರೆತರೆ ಮೀಥೈಲನ್ನು ಮುಟ್ಟದೆ ಬಿಡುವುದು, ಮೀಥೈಲು ನಿಧಾನವಾಗಿ ದೇಹದಿಂದ ಹೊರಗೆ ಹೋಗುವುದು. ಅದನ್ನು ವೈದ್ಯನು ಅಳತೆಯಿಂದ ಆಸ್ಪತ್ರೆಯಲ್ಲಿ ಕೊಡತಕ್ಕದ್ದು. ಫೋಮೆಪಿಜೋಲ್ ಎಂಬ ಹೊಸ ಔಷಧಿಯೂ, ರಕ್ತವನ್ನು ಯಂತ್ರದಿಂದ ಶೋಧಿಸುವ ಡಯಾಲಿಸಿಸ್ ಕ್ರಮವೂ ಈಗ ಉಂಟು. ಆದರೆ ವಿಷ ಇಂಥದೆಂದು ಹೊತ್ತಿಗೆ ಮುಂಚೆ ತಿಳಿದರೆ ಮಾತ್ರ ಇವೆಲ್ಲಕ್ಕೂ ಅರ್ಥ.

ಸತ್ತವರ ವಿಷಯದಲ್ಲಿ ಕೆಲಸ ಶವಾಗಾರದಿಂದ ಮೊದಲಾಗುತ್ತದೆ. ಹೊಟ್ಟೆ ಮತ್ತು ಅದರಲ್ಲಿರುವ ಪದಾರ್ಥ, ಕರುಳಿನ ಮೇಲ್ಭಾಗ, ಪಿತ್ತಜನಕಾಂಗ, ಮೂತ್ರಪಿಂಡ, ರಕ್ತ, ಇವನ್ನು ವೈದ್ಯನು ಬೇರೆ ಬೇರೆ ಶೀಷೆಗಳಲ್ಲಿ ಹಾಕಿ ಅರಗಿನ ಮೊಹರು ಮಾಡಿ ಕಳುಹಿಸುವನು. ದೇಹಭಾಗಗಳು ಕೊಳೆಯದಂತೆ ಇನ್ನು ಕರಗದಷ್ಟು ಉಪ್ಪನ್ನು ಕರಗಿಸಿದ ನೀರನ್ನೋ ಶುದ್ಧ ಸ್ಪಿರಿಟನ್ನೋ ಬಳಸುವುದು ವಾಡಿಕೆ. ಆದರೆ ಮದ್ಯದ ಶಂಕೆಯಿರುವೆಡೆ ಸ್ಪಿರಿಟನ್ನು ಬಳಸಿದರೆ ಗತಿಯೇನು? ಸ್ಪಿರಿಟೆಂಬುದೇ ಆಲ್ಕೊಹಾಲು, ಇಡೀ ಪರೀಕ್ಷೆ ಒಂದು ಶೀಷೆಯ ಅಜಾಗ್ರತೆಯಿಂದ ಹಾಳಾಗುವುದು. ಶವ ಕೊಳೆಯುವಾಗ ಸೂಕ್ಷ್ಮಜೀವಿಗಳು ತಾವೇ ಎಥೈಲ್ ಆಲ್ಕೊಹಾಲನ್ನು ಹುಟ್ಟಿಸುವುದೂ ಉಂಟು. ಅದಕ್ಕಾಗಿ ರಕ್ತಕ್ಕೆ ಸೋಡಿಯಂ ಫ್ಲೋರೈಡನ್ನು ಬೆರಸುವರು. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಜೊತೆಯಲ್ಲಿ ಕಳುಹಿಸುವರು. ಓರ್ಫಿಲಾ ಸ್ಮಶಾನದ ಮಣ್ಣನ್ನು ಪರೀಕ್ಷಿಸಿದ ನಿಯಮವೇ ಇಲ್ಲಿಯೂ ನಡೆದು ಬಂದಿದೆಯೆಂಬುದನ್ನು ಶ್ರೋತೃಗಳು ಗಮನಿಸಬಹುದು.

ಪ್ರಯೋಗಶಾಲೆಯಲ್ಲಿ ಕೆಲಸ ಮೂರು ಮೆಟ್ಟಿಲು: ಬೇರ್ಪಡಿಸುವುದು, ಗುರುತಿಸುವುದು, ಅಳೆಯುವುದು. ಇಂದಿನ ಸಲಕರಣೆಗಳಲ್ಲಿ ಮುಖ್ಯವಾದುದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ರಕ್ತದ ಮಾದರಿಯನ್ನು ಮುಚ್ಚಿದ ಶೀಷೆಯಲ್ಲಿ ಕಾಯಿಸಿ, ಮೇಲೆದ್ದ ಆವಿಯನ್ನು ಉದ್ದವಾದ ಸಣ್ಣ ನಳಿಕೆಯೊಳಗೆ ಅನಿಲವೊಂದರ ಸಹಾಯದಿಂದ ಹರಿಸುತ್ತಾರೆ. ಸಂತೆ ಬಿಟ್ಟಮೇಲೆ ಒಂದೇ ದಾರಿಯಲ್ಲಿ ಹೊರಟವರಲ್ಲಿ, ಕಂಡ ಅಂಗಡಿಯ ಮುಂದೆಲ್ಲ ನಿಲ್ಲುವವರು ತಡವಾಗಿಯೂ ನಿಲ್ಲದವರು ಬೇಗನೆಯೂ ಊರು ಸೇರುವಂತೆ, ನಳಿಕೆಯ ಒಳಮೈಗೆ ಅಂಟುವ ಗುಣಕ್ಕೆ ತಕ್ಕಂತೆ ಒಂದೊಂದು ಪದಾರ್ಥವೂ ತನ್ನದೇ ಆದ ಹೊತ್ತಿಗೆ ಹೊರಬೀಳುವುದು. ಮೀಥೈಲು ಮೊದಲು, ಎಥೈಲು ಆಮೇಲೆ. ಜಟಿಲವಾದ ವಿಷಗಳಾದರೆ ಮಾಸ್ ಸ್ಪೆಕ್ಟ್ರೋಮೀಟರೆಂಬ ಯಂತ್ರವು ಅಣುಗಳನ್ನು ಒಡೆದು ಚೂರುಗಳನ್ನು ತೂಗುವುದು. ಒಂದೊಂದು ವಿಷಕ್ಕೂ ಚೂರುಗಳ ಮಾದರಿ ಬೆರಳಿನ ಗುರುತಿನಂತೆ ಬೇರೆಬೇರೆ. ಕೊನೆಗೆ ಅಳತೆ. ಹಣ್ಣು ತಿನ್ನುವ ನಮ್ಮೆಲ್ಲರ ದೇಹದಲ್ಲಿಯೂ ಮೀಥೈಲ್ ಆಲ್ಕೊಹಾಲಿನ ಲೇಶವಿರುತ್ತದೆ. ಆದುದರಿಂದ ‘ವಿಷವಿದೆ’ ಎಂಬ ಮಾತಿಗೆ ‘ಎಷ್ಟಿದೆ’ ಎಂಬುದು ಸೇರದಿದ್ದರೆ ಬೆಲೆಯಿಲ್ಲ. ವಿಷಕ್ಕೂ ಮದ್ದಿಗೂ ಭೇದವನ್ನುಂಟುಮಾಡುವುದು ಪ್ರಮಾಣವೇ ಎಂದು ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಹೇಳಿದ ತತ್ತ್ವವನ್ನು ಈ ಶಾಸ್ತ್ರ ಇಂದಿಗೂ ದಾಟಿಲ್ಲ.

ಇಂಥ ದುರಂತ ೨೦೦೮ರಲ್ಲಿಯೇ ಮೊದಲಲ್ಲ. ೧೯೮೧ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಇದೇ ಮೀಥೈಲ್ ಆಲ್ಕೊಹಾಲು ಬೆರೆತ ಮದ್ಯದಿಂದ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಇಪ್ಪತ್ತೇಳು ವರ್ಷಗಳ ಅಂತರದಲ್ಲಿ ವಿಷವೂ ಅದೇ, ಸತ್ತವರ ವರ್ಗವೂ ಅದೇ. ಪ್ರಯೋಗಶಾಲೆ ವಿಷವನ್ನು ಗುರುತಿಸಬಲ್ಲುದು; ಅದನ್ನು ತಡೆಯುವ ಕೆಲಸ ಪ್ರಯೋಗಶಾಲೆಯದಲ್ಲ.

ಹೊತ್ತಿಗೆ ಸರಿಯಾಗಿ ಗುರುತಿಸುವುದರ ಬೆಲೆಯನ್ನು ತೋರಿಸುವ ಇನ್ನೊಂದು ಪ್ರಕರಣ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯದು. ೨೦೧೮ರ ಡಿಸೆಂಬರ್ ೧೪ರಂದು ಅಲ್ಲಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ ಹದಿನೇಳು ಮಂದಿ ಸತ್ತರು; ನೂರಕ್ಕೂ ಹೆಚ್ಚು ಮಂದಿ ಮೈಸೂರು ಮೊದಲಾದ ಕಡೆಗಳ ಆಸ್ಪತ್ರೆಗಳನ್ನು ಸೇರಿದರು. ಪ್ರಸಾದದಲ್ಲಿದ್ದುದು ಬೆಳೆಗೆ ಸಿಂಪಡಿಸುವ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಈ ಜಾತಿಯ ವಿಷ ನರಗಳ ಸಂದೇಶವನ್ನು ಅಳಿಸುವ ಕಿಣ್ವವೊಂದನ್ನು ಕಟ್ಟಿಹಾಕುತ್ತದೆ. ಬಾಯಲ್ಲಿ ಜೊಲ್ಲು ಸುರಿದು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿ, ಉಸಿರು ಕಟ್ಟುತ್ತದೆ. ಲಕ್ಷಣ ಕಂಡ ವೈದ್ಯನು ಪ್ರಯೋಗಶಾಲೆಯ ಉತ್ತರಕ್ಕೆ ಕಾಯದೆ ಅಟ್ರೊಪೀನನ್ನು ಕೊಡತಕ್ಕದ್ದು. ಅಟ್ರೊಪೀನೆಂಬುದು ಉಮ್ಮತ್ತಿಯ ಜಾತಿಯ ಗಿಡಗಳಿಂದಲೇ ಬರುವಂಥದು. ಒಂದು ಕಾಲದಲ್ಲಿ ದಾರಿಹೋಕರನ್ನು ಕೆಡವಿದ ವಿಷದ ಬಂಧುವೇ ಇಂದು ಪ್ರಾಣವನ್ನು ಉಳಿಸುತ್ತಿದೆ.

ಕಡೆಯದಾಗಿ ನ್ಯಾಯಾಸ್ಥಾನದ ಮಾತು. ಸರ್ಕಾರದ ಪರೀಕ್ಷಕನ ವರದಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೨೯೩ನೆಯ ಕಲಮು ಅವಕಾಶ ಕೊಟ್ಟಿದ್ದಿತು. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೩೨೯ನೆಯ ಕಲಮು ಅದನ್ನೇ ಮುಂದುವರಿಸಿದೆ. ಆದರೆ ವರದಿಯೊಂದರಿಂದಲೇ ಯಾರನ್ನೂ ಕೊಲೆಗಾರನೆನ್ನುವ ಹಾಗಿಲ್ಲ. ವಿಷವಿಟ್ಟು ಕೊಂದ ಆಪಾದನೆಯಲ್ಲಿ ಆರೋಪಿಗೆ ಕೊಲ್ಲುವ ಉದ್ದೇಶವಿದ್ದಿತೆಂಬುದು, ಸತ್ತವನು ವಿಷದಿಂದಲೇ ಸತ್ತನೆಂಬುದು, ಆ ವಿಷ ಆರೋಪಿಯ ವಶದಲ್ಲಿದ್ದಿತೆಂಬುದು, ಅದನ್ನು ಉಣಿಸುವ ಅವಕಾಶ ಅವನಿಗಿದ್ದಿತೆಂಬುದು, ಈ ನಾಲ್ಕನ್ನೂ ನ್ಯಾಯಾಲಯ ಎಚ್ಚರಿಕೆಯಿಂದ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೮೪ರಲ್ಲಿ ಹೇಳಿತು. ನಾಲ್ಕರಲ್ಲಿ ಎರಡನೆಯದೇ ಪ್ರಯೋಗಶಾಲೆಯ ಮುಖ್ಯ ಕೆಲಸ. ಪಾತ್ರೆಯಲ್ಲಿಯೋ ಶೀಷೆಯಲ್ಲಿಯೋ ಸಿಕ್ಕಿದ ವಿಷ ದೇಹದಲ್ಲಿದ್ದುದೇ ಎಂದು ಹೋಲಿಸಿ ಮೂರನೆಯದಕ್ಕೂ ಅದು ನೆರವಾಗಬಹುದು. ಉಳಿದುದು ಮನುಷ್ಯರ ವಿಚಾರಣೆಗೆ ಸೇರಿದುದು. ವೈರವನ್ನೂ ಒಡನಾಟವನ್ನೂ ವಿಚಾರಿಸೆಂದ ಕೌಟಿಲ್ಯನು ಇದನ್ನು ಅರಿತಿದ್ದನು.

ಅತ್ತಿಬೆಲೆಯಿಂದ ಬೆಂಗಳೂರಿಗೆ ಬರುವ ಅದೇ ಹೊಸೂರು ರಸ್ತೆಯ ಮೇಲೆ ಮಡಿವಾಳದಲ್ಲಿ ರಾಜ್ಯದ ನ್ಯಾಯವಿಜ್ಞಾನ ಪ್ರಯೋಗಶಾಲೆ ಇದೆ. ನಾಡಿನ ನಾನಾ ಕಡೆಗಳಿಂದ ಮೊಹರು ಮಾಡಿದ ಶೀಷೆಗಳು ಅಲ್ಲಿಗೆ ಬರುತ್ತವೆ. ಒಂದೊಂದು ಶೀಷೆಯ ಹಿಂದೆಯೂ ಒಂದು ಮನೆ ಇದೆ. ಆ ಶೀಷೆಯಲ್ಲಿ ಬರಬೇಕಾದುದು ಬರದೆ ಹೋದರೆ ಎಂಥ ಯಂತ್ರವೂ ಏನನ್ನೂ ಹೇಳಲಾರದು. ಆದುದರಿಂದ ಶ್ರೋತೃಗಳಲ್ಲಿ ನಮ್ಮದೊಂದು ಬಿನ್ನಹ. ಉಂಡ ಅಥವಾ ಕುಡಿದ ಮೇಲೆ ಯಾರಿಗಾದರೂ ಹಠಾತ್ತಾಗಿ ಕಣ್ಣು ಮಂಜಾದರೆ, ವಾಂತಿಯಾಗಿ ಉಸಿರು ತೊಡಕಿದರೆ, ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಿರಿ. ಉಂಡ ತಟ್ಟೆಯನ್ನೂ ಕುಡಿದ ಲೋಟವನ್ನೂ ಉಳಿದ ಶೀಷೆಯನ್ನೂ ತೊಳೆಯದೆ, ಮುಚ್ಚಿ ತೆಗೆದಿಡಿರಿ. ಮನೆಯನ್ನು ಶುಚಿಮಾಡಬೇಕೆಂಬ ಒಳ್ಳೆಯ ಬುದ್ಧಿಯಿಂದಲೇ ಎಷ್ಟೋ ಸಾರಿ ಸಾಕ್ಷ್ಯ ಬಚ್ಚಲಿಗೆ ಹರಿದುಹೋಗುತ್ತದೆ. ಆ ತೊಳೆಯದ ಲೋಟ ಪಕ್ಕದ ಮನೆಯಲ್ಲಿ ಇನ್ನೂ ಕುಡಿಯದಿರುವವನ ಪ್ರಾಣವನ್ನು ಉಳಿಸೀತು. ತಪ್ಪುಮಾಡದವನ ಕುತ್ತಿಗೆಯನ್ನೂ ಉಳಿಸೀತು.